ಕತ್ತರಿಸಿದ ಬೈಬಲ್

ದೇವರ ತೀರ್ಪು ಅಂದಕೂಡಲೇ ನರಕದ ಬೆಂಕಿ ತೋರಿಸೋದು, ಕೃಪೆ ಅಂದಕೂಡಲೇ ತಲೆ ಬಾಗಿಸೋದು ಉಪದೇಶಿಗಳ ಹಳೇ ರೂಢಿ. ಬೈಬಲ್ಲಿನ ಚರಿತ್ರೆ ಓದಿದಾಗ ನನಗೆ ಕಂಡದ್ದು ಬೇರೆ.

1807ರಲ್ಲಿ ಲಂಡನ್ನಿನಲ್ಲಿ, ವೆಸ್ಟ್ ಇಂಡೀಸಿನ ಕಪ್ಪು ಗುಲಾಮರಿಗೆಂದೇ ಒಂದು ಬೈಬಲ್ ಅಚ್ಚಾಯಿತು. ಹಳೆಯ ಒಡಂಬಡಿಕೆಯಲ್ಲಿ ಉಳಿಸಿದ್ದು ಹತ್ತರಲ್ಲಿ ಒಂದು ಪಾಲು. ಮಾರಾಟವಾದರೂ ನಿಷ್ಠೆ ಬಿಡದ ಯೋಸೇಫ ಉಳಿದ. ಫರೋಹನ ಕೈಯಿಂದ ಮೋಶೆ ತನ್ನ ಜನರನ್ನು ಬಿಡಿಸಿದ ಕಥೆ ಹೋಯಿತು. ಸೀನಾಯಿ ಬೆಟ್ಟದ ಹತ್ತು ಕಟ್ಟಳೆಗಳು ಮಾತ್ರ ಭದ್ರವಾಗಿದ್ದವು. ಕ್ರಿಸ್ತನಲ್ಲಿ ದಾಸ, ಸ್ವತಂತ್ರ ಎಂಬ ಭೇದವಿಲ್ಲವೆಂದ ಪೌಲನ ಮಾತು ಹೋಯಿತು. ದಣಿಗೆ ವಿಧೇಯನಾಗಿರು ಅನ್ನೋದು ಉಳಿಯಿತು.

ಮೂಲದಲ್ಲಿ ಬಿಡುಗಡೆ ಮೊದಲು, ಕಟ್ಟಳೆ ಆಮೇಲೆ. ಯೋಗ್ಯತೆ ಕೇಳದೆ ಬಿಡಿಸಿದ್ದೇ ಕೃಪೆ. ಅದನ್ನು ಕಿತ್ತರೆ ಉಳಿಯೋದು ಬರೀ ಅಪ್ಪಣೆ. ತೀರ್ಪೂ ಅಷ್ಟೇ. ಕುರಿ ಕಾಯುತ್ತಿದ್ದ ಪ್ರವಾದಿ ಆಮೋಸ ಸಾರಿದ ತೀರ್ಪು, ಒಂದು ಜೊತೆ ಕೆರಕ್ಕಾಗಿ ಬಡವರನ್ನು ಮಾರಿದವರ ಮೇಲೆ. ಅವರ ಹಬ್ಬ, ಹಾಡು ಯಾವುದೂ ದೇವರಿಗೆ ಬೇಡ.

ನಮ್ಮಲ್ಲಿ ಈ ಓದು ತಡವಾಗಿ ಬಂತು. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಶೂದ್ರ ದೇವಶಾಸ್ತ್ರದ ಮಾತೆತ್ತಿದರು. ಮುಂದೆ ಅದೇ ದಲಿತ ದೇವಶಾಸ್ತ್ರವಾಯಿತು. ನೊಂದವನು ತನ್ನ ನೋವಿನ ಮೂಲಕವೇ ದೇವರನ್ನು ಅರಿಯುತ್ತಾನೆಂಬುದು ಅವರ ವಾದ. ಈ ವಾದಕ್ಕೆ ಕಾರಣವಿತ್ತು. ಕ್ರೈಸ್ತನಾದ ದಲಿತನನ್ನು 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಪಟ್ಟಿಯಿಂದ ಹೊರಗಿಟ್ಟಿತು; ಚರ್ಚಿನೊಳಗೆ ಹೋದರೆ ಅಲ್ಲೂ ಜಾತಿ ಕೂತಿತ್ತು.

ಹಾಗಾಗಿ ಬೈಬಲ್ ತೆರೆದು ನಮಗೆ ವಿಧೇಯತೆ ಬೋಧಿಸುವವರನ್ನು ನಾವು ಮೊದಲು ಕೇಳಬೇಕು: ಬಿಡುಗಡೆಯ ಪುಟಗಳೆಲ್ಲಿ?