ಚರಂಡಿಗೆ ಮೊದಲು ಗಡಿ: ಶಹಾಡ್ ಸುತ್ತಲಿನ ಊರುಗಳ ಕಥೆ

ಕಲ್ಯಾಣದಿಂದ ಕಸಾರಾ ಕಡೆಗೆ ಹೊರಡುವ ಲೋಕಲ್ ರೈಲಿಗೆ ಮೊದಲು ಸಿಗುವ ನಿಲ್ದಾಣ ಶಹಾಡ್. ಅದನ್ನು ದಾಟಿದರೆ ಉಲ್ಹಾಸ್ ನದಿಯ ಸೇತುವೆ. ಮುಂಬಯಿ ಹೊರವಲಯದ ಲಕ್ಷಾಂತರ ಮನೆಗಳ ನಲ್ಲಿ ನೀರನ್ನು ಈ ಆಸುಪಾಸಿನಲ್ಲೇ ನದಿಯಿಂದ ಎತ್ತುತ್ತಾರೆ. ‘ಸ್ಟೆಮ್’ ಎಂಬ ನೀರು ಸರಬರಾಜು ಸಂಸ್ಥೆಯ ಹೆಸರಿನಲ್ಲೇ ಶಹಾಡ್ ಇದೆ, ಭಿವಂಡಿ ಬಳಿಯ ಟೆಮ್‌ಘರ್ ಇದೆ. ಇಲ್ಲಿ ಎತ್ತಿದ ನೀರು ಅಲ್ಲಿ ಶುದ್ಧವಾಗಿ ಠಾಣೆ, ಭಿವಂಡಿ, ಮೀರಾ–ಭಾಯಂದರ್‌ಗಳಿಗೆ ಹೋಗುತ್ತದೆ. ಕಲ್ಯಾಣ–ಡೊಂಬಿವಲಿಯ ಪಾಲಿನ ನೀರೂ ಹತ್ತಿರದ ಮೋಹಿಲಿಯಿಂದ ಬರುತ್ತದೆ. ಇದೇ ನದಿಗೆ ಬದಲಾಪುರದ ಕೊಳಚೆ ಸೇರುತ್ತ ಬಂದಿದೆ. ಉಲ್ಹಾಸನಗರದ ಖೇಮಾಣಿ ನಾಲೆ ಕೂಡ ಇದೇ ನದಿಗೆ ಬಂದು ಬೀಳುತ್ತಿತ್ತು. ಒಂದು ಊರು ಬಿಟ್ಟ ನೀರನ್ನು ಇನ್ನೊಂದು ಊರು ಕುಡಿಯಬೇಕು. ಈ ಭಾಗದ ನಗರಪಾಲಿಕೆ, ನಗರ ಪರಿಷತ್ತು, ಗ್ರಾಮ ಪಂಚಾಯತಿಗಳ ಐವತ್ತು ವರ್ಷದ ಜಗಳವನ್ನು ಈ ದಂಡೆಯಿಂದ ನೋಡಿದರೆ ಬೇಗ ಅರ್ಥವಾಗುತ್ತದೆ.

ಯೋಜನೆ ಇಲ್ಲದೆ ಈ ಪ್ರದೇಶ ಹೀಗೆ ಬೆಳೆಯಿತು ಎನ್ನುವ ಮಾತಿದೆ. ಅದು ನಿಜವಲ್ಲ. 1949ರಲ್ಲಿ ಉಲ್ಹಾಸನಗರ ಎಂಬ ಹೆಸರು ಪಡೆದ ಸಿಂಧಿ ನಿರಾಶ್ರಿತರ ಶಿಬಿರವನ್ನು ಬಿಟ್ಟರೆ, ಮಿಕ್ಕದ್ದಕ್ಕೆಲ್ಲ ನಕಾಶೆಗಳಿದ್ದವು. 1967ರಲ್ಲಿ ಮುಂಬಯಿ ಮಹಾನಗರ ಪ್ರದೇಶಕ್ಕೆ ಯೋಜನಾ ಮಂಡಳಿ ಬಂತು, 1973ರಲ್ಲಿ ಮೊದಲ ಪ್ರಾದೇಶಿಕ ಯೋಜನೆ. 1975ರಲ್ಲಿ ಇಂದು ಎಂಎಂಆರ್‌ಡಿಎ ಎನ್ನುವ ಪ್ರಾಧಿಕಾರ ಹುಟ್ಟಿತು. ಎರಡನೆಯ ಯೋಜನೆಗೆ 1999ರಲ್ಲಿ, ಮೂರನೆಯದಕ್ಕೆ 2021ರಲ್ಲಿ ಮಂಜೂರಾತಿ. ಜನ ಎಲ್ಲಿ ನೆಲೆಸಬೇಕು, ಕಾರ್ಖಾನೆ ಎಲ್ಲಿ ಬರಬೇಕು ಎಂಬುದಕ್ಕೆ ಬಣ್ಣ ಹಚ್ಚಿದ ನಕಾಶೆಗಳು ಮೂರು ತಲೆಮಾರಿಗೂ ಸಿಕ್ಕವು. ಆದರೆ ಆ ಬಣ್ಣದ ಕೆಳಗೆ ಕೊಳವೆ ಹಾಕುವ ಕೆಲಸ, ಹಾಕಿದ್ದನ್ನು ಮೂವತ್ತು ವರ್ಷ ನಡೆಸುವ ಖರ್ಚು ಸ್ಥಳೀಯ ಸಂಸ್ಥೆಯದು. ಸ್ಥಳೀಯ ಸದಸ್ಯರು ಮತ್ತೆ ಮತ್ತೆ ಎತ್ತಿದ ಪ್ರಶ್ನೆ ಇದೇ. ಅದಕ್ಕೆ ಉತ್ತರದ ಬದಲು ಅವರಿಗೆ ಸಿಕ್ಕಿದ್ದು ಹೊಸ ಗಡಿಗಳು.

1983ರಲ್ಲಿ ಕಲ್ಯಾಣ, ಡೊಂಬಿವಲಿ, ಅಂಬರನಾಥ ಮತ್ತು ಸುತ್ತಲ ಹಳ್ಳಿಗಳನ್ನು ಸೇರಿಸಿ ಮಹಾನಗರಪಾಲಿಕೆ ಮಾಡಲಾಯಿತು. ನದಿಯ ದೃಷ್ಟಿಯಿಂದ ಅದು ಒಳ್ಳೆಯ ಅವಕಾಶವಾಗಿತ್ತು, ಮೇಲ್ಹರಿವಿನ ಊರೂ ಕೆಳಹರಿವಿನ ಊರೂ ಒಂದೇ ಸಭೆಯಲ್ಲಿ ಕೂರಬಹುದಿತ್ತು. ಹತ್ತು ವರ್ಷವೂ ಆಗಲಿಲ್ಲ, 1992ರಲ್ಲಿ ಅಂಬರನಾಥ, ಬದಲಾಪುರ ಬೇರೆಯಾದವು. 2002ರಲ್ಲಿ ಡೊಂಬಿವಲಿಯ ಪೂರ್ವ–ದಕ್ಷಿಣಕ್ಕಿರುವ 27 ಹಳ್ಳಿಗಳೂ ಹೊರಬಂದವು. ತೆರಿಗೆ ಕಟ್ಟಿಯೂ ಏನೂ ಬರಲಿಲ್ಲ ಎಂಬುದು ಹಳ್ಳಿಗರ ದೂರು, ಅದರಲ್ಲಿ ಹುರುಳಿತ್ತು. ಮರಾಠಿ ಕಡತಗಳಲ್ಲಿ ಎರಡು ಪದ ಸಿಗುತ್ತವೆ: ‘ಸಾಂಡಪಾಣಿ’ ಎಂದರೆ ಚೆಲ್ಲಿದ ನೀರು, ‘ಭುಯಾರಿ ಗಟಾರ’ ಎಂದರೆ ನೆಲದಡಿಯ ಚರಂಡಿ. ಹಳ್ಳಿಗಳಲ್ಲಿ ಮೊದಲನೆಯದು ಧಾರಾಳವಾಗಿತ್ತು, ಎರಡನೆಯದು ಹೆಚ್ಚಾಗಿ ಪ್ರಸ್ತಾವಗಳಲ್ಲಿತ್ತು.

ಪಾಲಿಕೆಯಿಂದ ಹೊರಬಂದ ಹಳ್ಳಿಗಳ ಕೈಗೆ ಯೋಜನೆಯ ಅಧಿಕಾರವೇನೂ ಬರಲಿಲ್ಲ. 2006ರಲ್ಲಿ ಎಂಎಂಆರ್‌ಡಿಎಯನ್ನೇ ಅಲ್ಲಿನ ವಿಶೇಷ ಯೋಜನಾ ಪ್ರಾಧಿಕಾರವಾಗಿ ನೇಮಿಸಲಾಯಿತು. ನಕಾಶೆ ಪ್ರಾಧಿಕಾರದ್ದು, ಬೀದಿ ಪಂಚಾಯತಿಯದ್ದು, ನೀರು ಕೈಗಾರಿಕಾ ನಿಗಮದ್ದು. ಈ ಮೂವರ ನಡುವಿನ ಸಂದಿಯಲ್ಲಿ ಅನುಮತಿ ಇಲ್ಲದ ಕಟ್ಟಡಗಳು ಅಂತಸ್ತಿನ ಮೇಲೆ ಅಂತಸ್ತು ಎದ್ದವು. ನಿಳಜೆ ಕಡೆಯಲ್ಲಿ ಪಲಾವಾದಂಥ ಖಾಸಗಿ ಟೌನ್‌ಶಿಪ್ಪೂ ಬಂತು. ಚರಂಡಿಗಾಗಿ ಯಾರನ್ನು ಕೇಳಬೇಕೆಂದು ಸರಪಂಚರಿಗೇ ಗೊತ್ತಿರಲಿಲ್ಲ ಎಂದರೆ ಅದು ಅವರ ಅಜ್ಞಾನವಲ್ಲ, ಕೇಳಬೇಕಾದ ಒಂದು ಬಾಗಿಲು ಇರಲೇ ಇಲ್ಲ.

2015ರ ಜೂನ್‌ನಲ್ಲಿ ಅದೇ 27 ಹಳ್ಳಿಗಳನ್ನು ಮತ್ತೆ ಪಾಲಿಕೆಗೆ ಸೇರಿಸಲಾಯಿತು. ಹಳ್ಳಿಗಳ ಸಂಘರ್ಷ ಸಮಿತಿ ಪ್ರತ್ಯೇಕ ನಗರ ಪರಿಷತ್ತು ಬೇಕೆಂದು ಪಟ್ಟು ಹಿಡಿಯಿತು. ಹತ್ತು ಹಳ್ಳಿಗಳ 1,089 ಹೆಕ್ಟೇರಿನಲ್ಲಿ ‘ಕಲ್ಯಾಣ ಗ್ರೋತ್ ಸೆಂಟರ್’ ಎಂಬ ಹೊಸ ಯೋಜನೆ ಬಂದಾಗ, ಹಳೆಯ ಮನೆಗಳಿಗೇ ಚರಂಡಿ ಇಲ್ಲದಲ್ಲಿ ಹೊಸ ನಗರವೇಕೆ ಎಂಬ ಪ್ರಶ್ನೆ ಸಹಜವಾಗಿತ್ತು. ಅದೇ 2015ರ ಜುಲೈಯಲ್ಲಿ ‘ವನಶಕ್ತಿ’ ಸಂಸ್ಥೆಯ ಅರ್ಜಿಯ ಮೇಲೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಪುಣೆ ಪೀಠ, ಉಲ್ಹಾಸ್ ಮತ್ತು ವಾಲಧುನಿ ನದಿಗಳನ್ನು ಕೆಡಿಸಿದ್ದಕ್ಕೆ ಸ್ಥಳೀಯ ಸಂಸ್ಥೆಗಳು, ಕೈಗಾರಿಕೆಯ ತ್ಯಾಜ್ಯ ಘಟಕಗಳು ಎಲ್ಲ ಸೇರಿ ಸುಮಾರು 95 ಕೋಟಿ ರೂಪಾಯಿ ಕಟ್ಟಬೇಕೆಂದಿತು. ದಂಡವೇನೋ ನ್ಯಾಯವೇ. ಆದರೆ ಊರು ಇಷ್ಟು ಬೆಳೆಯಬೇಕೆಂದು ನಕಾಶೆ ಬರೆದವರಿಗೆ ಆ ಲೆಕ್ಕದಲ್ಲಿ ಪಾಲು ಎಷ್ಟು ಎಂಬುದು ಚರ್ಚೆಗೇ ಬರಲಿಲ್ಲ.

ಕನ್ನಡ ಓದುಗರಿಗೆ ಇದು ದೂರದ ಕಥೆ ಅನ್ನಿಸಲಾರದು. 2007ರಲ್ಲಿ ಬೆಂಗಳೂರು ಪಾಲಿಕೆಗೆ 110 ಹಳ್ಳಿಗಳು ಸೇರಿದವು. ಅವುಗಳಿಗೆ ನೀರು ಕೊಡುವ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿದ್ದು 2024ರ ಅಕ್ಟೋಬರ್‌ನಲ್ಲಿ. ಸಂವಿಧಾನದ 243 ಝಡ್‌ಇ ವಿಧಿಯ ಪ್ರಕಾರ ಮಹಾನಗರ ಯೋಜನಾ ಸಮಿತಿಯ ಕನಿಷ್ಠ ಮೂರನೇ ಎರಡು ಭಾಗ ಸದಸ್ಯರನ್ನು ಸ್ಥಳೀಯ ಸಂಸ್ಥೆಗಳ ಚುನಾಯಿತರೇ ತಮ್ಮೊಳಗಿಂದ ಆರಿಸಬೇಕು. ಪ್ರದೇಶದ ನಕಾಶೆಯನ್ನು ಪ್ರಶ್ನಿಸಲು ಕೌನ್ಸಿಲರಿಗೆ, ಪಂಚಾಯತಿ ಅಧ್ಯಕ್ಷರಿಗೆ ಕೊಟ್ಟ ಜಾಗ ಅದೇ. ಎರಡೂ ನಗರಗಳಲ್ಲಿ ಪ್ರಾಧಿಕಾರಗಳ ಮುಂದೆ ಆ ಸಮಿತಿ ಮಂಕಾಗಿಯೇ ಉಳಿಯಿತು.

2020ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ 27ರಲ್ಲಿ 18 ಹಳ್ಳಿಗಳನ್ನು ಮತ್ತೆ ಹೊರಗಿಡುವ ಅಧಿಸೂಚನೆ ಹೊರಡಿಸಿತು, ಅವುಗಳಿಗೆ ಬೇರೆ ನಗರ ಪರಿಷತ್ತು ಮಾಡುವುದು ಉದ್ದೇಶ. ಡಿಸೆಂಬರ್‌ನಲ್ಲಿ ಮುಂಬಯಿ ಹೈಕೋರ್ಟ್ ಅದನ್ನು ರದ್ದುಪಡಿಸಿತು. ಗಡಿ ಬದಲಿಸುವ ಮೊದಲು ಪಾಲಿಕೆಯೊಂದಿಗೆ ಸಮಾಲೋಚಿಸಬೇಕೆಂದು ಕಾನೂನು ಹೇಳುತ್ತದೆ, ಅದು ಆಗಿರಲಿಲ್ಲ. ತೀರ್ಪು ಬರುವ ಹಿಂದಿನ ತಿಂಗಳಷ್ಟೇ ಪಾಲಿಕೆಯ ಚುನಾಯಿತ ಸಭೆಯ ಅವಧಿ ಮುಗಿದು, ಕೋವಿಡ್ ಕಾರಣಕ್ಕೆ ಚುನಾವಣೆ ಮುಂದೆ ಹೋಗಿ, ಅಧಿಕಾರ ಆಡಳಿತಾಧಿಕಾರಿಯ ಕೈ ಸೇರಿತ್ತು. ಹಳ್ಳಿಗಳು ಪಾಲಿಕೆಯಲ್ಲೇ ಉಳಿದವು. ಪಾಲಿಕೆಯಲ್ಲಿ ಅವುಗಳ ಪರವಾಗಿ ಚರಂಡಿ ಕೇಳಲು ಒಬ್ಬ ಕೌನ್ಸಿಲರೂ ಆಮೇಲೆ ವರ್ಷಗಟ್ಟಲೆ ಇರಲಿಲ್ಲ.