ಚರ್ಮವ್ಯಾಧಿಯೂ ದೂರದ ವೈದ್ಯನೂ

ಬೇಲೂರಿನ ಕಾಫಿ ತೋಟಗಳಲ್ಲಿ ಕಳೆ ಕೀಳುವವರಿಗೂ, ಅರಸೀಕೆರೆಯಲ್ಲಿ ಕೊಬ್ಬರಿ ಚೀಲ ಹೊರುವವರಿಗೂ, ಹಳೇಬೀಡಿನ ಹೊಲಗಳಲ್ಲಿ ದುಡಿಯುವವರಿಗೂ ಹುಳುಕಡ್ಡಿಯೋ ಇಸಬೋ ಕಾಂಗ್ರೆಸ್ ಗಿಡ ತಾಗಿ ಏಳುವ ಉರಿನವೆಯೋ ಬಂದಾಗ, ಮೊದಲು ಒದಗುವುದು ಔಷಧದಂಗಡಿಯೇ ಹೊರತು ಚರ್ಮತಜ್ಞನಲ್ಲ; ಮೆಡಿಕಲ್ ಕಾಲೇಜಿರುವ ಹಾಸನಕ್ಕೆ 30-40 ಕಿಲೋಮೀಟರು ಬಸ್ಸಿನಲ್ಲಿ ಹೋಗಿಬರುವುದೆಂದರೆ ಒಂದು ದಿನದ ಕೂಲಿ ಹೋಯಿತೆಂದೇ ಅರ್ಥ.

ಈ ಅಂತರವನ್ನು ಕುಗ್ಗಿಸಲು ಹುಟ್ಟಿದ ಶಾಸ್ತ್ರಕ್ಕೆ 1995ರಲ್ಲಿ ಅಮೆರಿಕದ ಪೆರೆಡ್ನಿಯಾ ಮತ್ತು ಬ್ರೌನ್ ಟೆಲಿಡರ್ಮಟಾಲಜಿ ಎಂದು ನಾಮಕರಣ ಮಾಡಿದರು. ನಮ್ಮಲ್ಲಿ ಇಸ್ರೋ ಸಂಸ್ಥೆಯು 2002ರಲ್ಲಿ ಚಾಮರಾಜನಗರ ಮತ್ತು ಸರಗೂರಿನ ಆಸ್ಪತ್ರೆಗಳನ್ನು ಉಪಗ್ರಹದ ಮೂಲಕ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತಾದರೂ, ಆಗಿನ ಚಿಂತೆಯೆಲ್ಲ ಹೃದ್ರೋಗದ್ದು. ಚರ್ಮಕ್ಕಾದರೋ ಅಂಥ ವೈಭವದ ಸಾಧನ ಬೇಕಿರಲಿಲ್ಲ: ವ್ಯಾಧಿಯು ಮೈಮೇಲೆಯೇ ಪ್ರಕಟವಾಗಿರುವುದರಿಂದ, ಚಿತ್ರ ತೆಗೆದಿಟ್ಟು ಕಳುಹಿಸಿ, ತಜ್ಞನು ಬಿಡುವಾದಾಗ ನೋಡಿ ಉತ್ತರಿಸುವ ಕ್ರಮವೇ ಬಹುಮಟ್ಟಿಗೆ ಸಾಕಾಗುತ್ತಿತ್ತು. ಯಾವ ಚರ್ಮರೋಗಕ್ಕೆ ಯಾವ ತಂತ್ರ ಯುಕ್ತವೆಂಬುದನ್ನು ವರ್ಗೀಕರಿಸಿ ಬರೆದವರಲ್ಲಿ ಮೈಸೂರಿನ ಡಾ. ಜಿ. ಆರ್. ಕಾಂತರಾಜ್ ಪ್ರಮುಖರು.

ತರುವಾಯ ಕ್ಯಾಮೆರಾ ಫೋನಿನೊಳಗೇ ಸೇರಿತು. 2008ರಲ್ಲಿ ಆರಂಭವಾದ ಬೆಂಗಳೂರಿನ ಪ್ರ್ಯಾಕ್ಟೋ ಮೊದಲಾದ ಆ್ಯಪ್‌ಗಳು ಬಂದವು. ಕೋವಿಡ್ ಕಾಲದಲ್ಲಿ, 2020ರ ಮಾರ್ಚ್ 25ರಂದು, ಕೇಂದ್ರ ಸರ್ಕಾರವು ಟೆಲಿಮೆಡಿಸಿನ್ ನಿಯಮಾವಳಿಯನ್ನು ಪ್ರಕಟಿಸಿತು. ವಿಡಿಯೋದಲ್ಲಿ ನಡೆಯುವ ಮೊದಲ ಭೇಟಿಯಲ್ಲೇ ಬರೆದುಕೊಡಬಹುದಾದ ಔಷಧಗಳ ಪಟ್ಟಿಯಲ್ಲಿ ಕ್ಲೋಟ್ರಿಮಜೋಲ್, ಕ್ಯಾಲಮೈನ್‌ನಂಥ ಚರ್ಮದ ಮುಲಾಮುಗಳಿಗೂ ಸ್ಥಾನ ದೊರೆಯಿತು. ಮುಂದಿನ ತಿಂಗಳಲ್ಲೇ ಸರ್ಕಾರದ ದೂರವೈದ್ಯ ಸೇವೆಯಾದ ಇ-ಸಂಜೀವನಿಯ ಒಪಿಡಿ ರೋಗಿಯ ಮನೆಬಾಗಿಲಿಗೆ ಬಂತು.

ಯಂತ್ರಬುದ್ಧಿಯ ಮಾತೂ ಉಂಟು. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿದ್ವಾಂಸರು 1,29,450 ಚಿತ್ರಗಳಿಂದ ಗಣಕವನ್ನು ಪಳಗಿಸಿ, ಚರ್ಮದ ಕ್ಯಾನ್ಸರನ್ನು ಗುರುತಿಸುವುದರಲ್ಲಿ ತಜ್ಞರಿಗೆ ಸಮಾನವಾದ ಫಲ ತೋರಿಸಿದರು. ಆದರೆ ಇಂಥ ಚಿತ್ರಸಂಗ್ರಹಗಳಲ್ಲಿ ಬಿಳಿಯ ಚರ್ಮದ್ದೇ ಪ್ರಾಬಲ್ಯ. ಬಿಳಿಯರ ಮೈಯಲ್ಲಿ ಕೆಂಪಾಗಿ ಕಾಣುವ ಉರಿಯೂತವು ನಮ್ಮವರ ಮೈಯಲ್ಲಿ ನೇರಳೆಯಾಗಿಯೋ ಕಪ್ಪಾಗಿಯೋ ತೋರುವುದರಿಂದ, ಆ ಗಣಕದ ತೀರ್ಪನ್ನು ಇಲ್ಲಿ ಹಾಗೆಯೇ ನಂಬುವುದು ಸಾಹಸವೇ ಸರಿ.

ಅದಕ್ಕಿಂತಲೂ ದೊಡ್ಡ ತೊಡಕು ಅಂಗಡಿಯ ಟ್ಯೂಬಿನದು. ಹುಳುಕಡ್ಡಿಯ ಗುರುತೆಂದರೆ ಅಂಚು ಉಬ್ಬಿ ನಡು ತಿಳಿಯಾದ ಉಂಗುರ. ಸ್ಟೆರಾಯ್ಡ್ ಬೆರೆತ ಮುಲಾಮನ್ನು ವಾರಗಟ್ಟಲೆ ಹಚ್ಚಿದರೆ ನವೆ ತಗ್ಗುತ್ತದೆ, ಅಂಚು ಅಳಿಸಿಹೋಗುತ್ತದೆ, ಬೂಷ್ಟು ಮಾತ್ರ ಹರಡುತ್ತಲೇ ಇರುತ್ತದೆ. 2018ರಲ್ಲಿ ಇಂಥ 14 ಸ್ಟೆರಾಯ್ಡ್‌ಗಳ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಕೂಡದೆಂದು ಸರ್ಕಾರ ವಿಧಿಸಿದ್ದರೂ ಕೇಳಿ ಕೊಳ್ಳುವ ರೂಢಿ ತಪ್ಪಿಲ್ಲ. ಆದಕಾರಣ ಗಾಯದ ಚಿತ್ರದೊಡನೆ ಟ್ಯೂಬಿನ ಚಿತ್ರವನ್ನೂ ಕೇಳದ ಆ್ಯಪು ನನ್ನ ಮಟ್ಟಿಗೆ ಅರೆಗುರುಡು. ಮೊಡವೆಗೂ ಕೂದಲುದುರುವಿಕೆಗೂ ಚಂದದ ಪೊಟ್ಟಣಗಳನ್ನು ಕಳುಹಿಸುವ ವ್ಯಾಪಾರಿ ಆ್ಯಪ್‌ಗಳಿಗೆ ಈ ವ್ಯವಧಾನ ಕಡಮೆಯೆಂದು ಹೇಳದಿರಲಾರೆ.

ಕುಷ್ಠದಲ್ಲಿ ಚಿತ್ರದ ಮಿತಿ ಇನ್ನೂ ಸ್ಪಷ್ಟ. ಮಾಸಲು ಮಚ್ಚೆಯೊಂದು ಚಿಬ್ಬೋ ಕುಷ್ಠವೋ ಎಂಬುದನ್ನು ನಿಶ್ಚಯಿಸಲು ಹತ್ತಿಯ ಎಳೆಯಿಂದ ಮುಟ್ಟಿ ಸ್ಪರ್ಶಜ್ಞಾನವಿದೆಯೇ ಎಂದು ನೋಡಬೇಕು, ಮೊಣಕೈ ಬಳಿಯ ನರ ದಪ್ಪವಾಗಿದೆಯೇ ಎಂದು ಒತ್ತಿ ನೋಡಬೇಕು. ಆದ್ದರಿಂದ ಬೇಲೂರು, ಅರಸೀಕೆರೆ, ಹಳೇಬೀಡುಗಳ ಸುತ್ತಿನ ಹಳ್ಳಿಗಳಿಗೆ, ರೋಗಿಯೊಬ್ಬನೇ ಫೋನು ಹಿಡಿದು ಕೂರುವ ಬಗೆಗಿಂತ, ಇ-ಸಂಜೀವನಿಯಲ್ಲೇ ಇರುವ ಇನ್ನೊಂದು ಬಗೆ, ಎಂದರೆ ಆರೋಗ್ಯ ಕೇಂದ್ರದ ಅಧಿಕಾರಿಯು ರೋಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ದೂರದ ತಜ್ಞನು ಹೇಳಿದಂತೆ ಮುಟ್ಟಿ ನೋಡಿ ವರದಿ ಮಾಡುವುದು, ಹೆಚ್ಚು ಒಪ್ಪುತ್ತದೆ.