ಟೆಂಟಿನೊಳಗಿನ ತಕರಾರು

ನಮ್ಮ ಚಿಗಳ್ಳಿಯವರು ಸಿನಿಮಾದ ಹುಳುಕು ಹುಡುಕಲು ಕಲಿತದ್ದು ಟೂರಿಂಗ್ ಟಾಕೀಸಿನ ನೆಲದ ಮೇಲೆ ಕೂತು. 1968ರಲ್ಲಿ ದೊರೆ-ಭಗವಾನ್ ಜೋಡಿಯ ‘ಜೇಡರ ಬಲೆ’ ಬಂತು, ರಾಜ್‌ಕುಮಾರ್ ಸಿಐಡಿ 999 ಆದರು. ಅದೇ ವರ್ಷ ‘ಗೋವಾದಲ್ಲಿ ಸಿಐಡಿ 999’. ಇವು ಗೆದ್ದವು. ಮಜಾ ಇದ್ದದ್ದು ಆಮೇಲೆ ಬಂದ ಬಡಪಾಯಿ ಪತ್ತೇದಾರಿ ಚಿತ್ರಗಳಲ್ಲಿ. ಕೆನ್ನೆಗೊಂದು ಮಚ್ಚೆ ಅಂಟಿಸಿಕೊಂಡರೆ ಹೆತ್ತವ್ವನಿಗೂ ನಾಯಕನ ಗುರುತು ಹತ್ತದು. ಹಗಲಲ್ಲೇ ಚಿತ್ರೀಕರಿಸಿ ಕಪ್ಪಾಗಿಸಿದ ‘ನಡುರಾತ್ರಿ’ಯಲ್ಲಿ ಮರದ ಬುಡಕ್ಕೆಲ್ಲ ಕಡುನೆರಳು.

“ರಾತ್ರಿ ಹನ್ನೆರಡು ಹೊಡದೈತಿ, ನೆಳ್ಳು ಎಲ್ಲಿಂದ ಬಂತಲೇ?” ಎಂದು ನಮ್ಮ ಸೋದರಮಾವ ಕೂಗಿದರೆ ಟೆಂಟಿಗೆ ಟೆಂಟೇ ನಗುತ್ತಿತ್ತು. ಕಾಡಂಚಿನವರಿಗೆ ಕತ್ತಲೆ ಹೇಗಿರುತ್ತದೆಂದು ಹೇಳಿಕೊಡಬೇಕೇ?

ಆದರೆ ಎಲ್ಲ ತೂತೂ ನಿರ್ದೇಶಕರದಲ್ಲ. ಊರೂರು ಸುತ್ತಿದ ಪ್ರಿಂಟು ನಮ್ಮ ಕಡೆಗೆ ಬರುವಷ್ಟರಲ್ಲಿ ಹತ್ತಾರು ಕಡೆ ಹರಿದಿರುತ್ತಿತ್ತು. ಆಪರೇಟರ್ ಕೆಟ್ಟ ತುಂಡು ಕತ್ತರಿಸಿ, ಎರಡು ತುದಿ ಕೆರೆದು, ಅಂಟು ಹಚ್ಚಿ ಒತ್ತಿ ಹಿಡಿಯುತ್ತಿದ್ದ. ತೊಂಬತ್ತು ಅಡಿ ಫಿಲಂ ಹೋದರೆ ಒಂದು ನಿಮಿಷದ ಕತೆ ಹೋಯಿತು. ಕಂಬಕ್ಕೆ ಕಟ್ಟಿಹಾಕಿದ್ದ ನಾಯಕ ಮರುಗಳಿಗೆಯಲ್ಲೇ ಜೀಪು ಓಡಿಸುತ್ತಿದ್ದ. ಹಗ್ಗ ಬಿಚ್ಚಿದ್ದು ಯಾರು? “ಹಿಂದಿನೂರಿನ ಆಪರೇಟರ” ಎನ್ನುತ್ತಿದ್ದ ಮಾವ.